ನಲವತ್ತೊಂದನೇ ಪೀಪಾಯಿ ಕಂಡ ಕಪ್ಪೆ ತಗ್ಗು

ನಾನೊಂದು ಪೀಪಾಯಿ. ಈ ಮಾತು ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಮದುವೆ ಮನೆಯ ಹಿತ್ತಲಲ್ಲಿ ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ಮು ಬಂದು ನಿಂತಿದ್ದರೆ ದಯವಿಟ್ಟು ಅದನ್ನು ಆಚೆ ಕಳಿಸಿ. ಅದಕ್ಕೂ ನನಗೂ ಯಾವ ನೆಂಟಸ್ತನವೂ ಇಲ್ಲ. ನಾನು ಫ್ರಾನ್ಸ್ ದೇಶದ ನಡುನಾಡಿನ ಕಾಡಿನಲ್ಲಿ ಇನ್ನೂರು ವರ್ಷ ನಿಂತಿದ್ದ ಓಕ್ ಮರದ ಮಗ. ನನ್ನ ಹೊಟ್ಟೆಯಲ್ಲಿ ಇನ್ನೂರ ಇಪ್ಪತ್ತೈದು ಲೀಟರು ವೈನ್ ಹಿಡಿಯುತ್ತದೆ. ಮೈಯಲ್ಲಿ ಒಂದು ಮೊಳೆ ಇಲ್ಲ, ಒಂದು ತೊಟ್ಟು ಅಂಟಿಲ್ಲ, ಆದರೂ ಒಂದು ಹನಿ ಸೋರುವುದಿಲ್ಲ. ಹೀಗೆ ಹೇಳಿಕೊಳ್ಳುವುದು ಜಂಬ ಅನ್ನಿಸಿದರೆ ಅನ್ನಿಸಲಿ. ಮುಂದೆ ನೀವು ನೋಡಲಿರುವ ಮನುಷ್ಯರ ಜಂಬದ ಎದುರು ನನ್ನದು ಏನೂ ಅಲ್ಲ.

ನಮ್ಮ ಮರವನ್ನು ಹಲಗೆ ಮಾಡುವಾಗ ಗರಗಸ ಮುಟ್ಟಿಸಲಿಲ್ಲ. ಗರಗಸ ಎಳೆಗಳನ್ನು ಅಡ್ಡಡ್ಡ ಕತ್ತರಿಸುತ್ತದೆ, ಅಂಥ ಹಲಗೆ ಸೋರುತ್ತದೆ. ಹಾಗಾಗಿ ಎಳೆಯ ಜಾಡು ಹಿಡಿದು ಕೊಡಲಿಯಲ್ಲಿ ಸೀಳಿದರು. ಸೀಳಿದ ಹಲಗೆಗಳನ್ನು ಬಯಲಲ್ಲಿ ಪೇರಿಸಿ ಮೂರು ವರ್ಷ ಮಳೆ, ಬಿಸಿಲು, ಹಿಮಕ್ಕೆ ಬಿಟ್ಟರು. ಮರದ ಕಹಿಯೆಲ್ಲ ತೊಳೆದು ಹೋಗಲಿ ಅಂತ. ಕಹಿ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಮಾತು ಕೇಳಿದವರಿಗೆ ಹೋಗಿಲ್ಲ ಅನ್ನಿಸಬಹುದು.

ಆಮೇಲೆ ನನ್ನನ್ನು ಕಟ್ಟಿದವನು ಕುಳ್ಳಗಿನ, ಮುಂಗೈ ತುಂಬ ಸುಟ್ಟ ಕಲೆಗಳಿದ್ದ ಒಬ್ಬ ಮುದುಕ. ಹಲಗೆಗಳನ್ನು ಕಬ್ಬಿಣದ ಬಳೆಯೊಳಗೆ ವೃತ್ತಕ್ಕೆ ನಿಲ್ಲಿಸಿ, ನಡುವೆ ಓಕ್ ಚಕ್ಕೆಯ ಬೆಂಕಿ ಹಾಕಿ, ಹೊರಗಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸುತ್ತ, ಹಗ್ಗ ಬಿಗಿಯುತ್ತ ಬಂದ. ಒಳಗೆ ಉರಿ, ಹೊರಗೆ ತಂಪು. ಬಗ್ಗದೆ ಬೇರೆ ದಾರಿ ಇರಲಿಲ್ಲ. ಬಗ್ಗಿದ ಮೇಲೂ ಅವನು ಬೆಂಕಿ ತೆಗೆಯಲಿಲ್ಲ. ಒಳಮೈ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಬ್ರೆಡ್ಡಿನ ವಾಸನೆ ಬರುವ ತನಕ ಬೇಯಿಸಿದ. ಕೊನೆಗೆ ಬಾಯಿ ಕೊರೆದು, ಬಿರಡೆ ಬಡಿದು, ಅಂಗೈಯಲ್ಲಿ ಎರಡು ಸಲ ತಟ್ಟಿ ನೋಡಿದ. ನನ್ನ ಬದುಕಿನಲ್ಲಿ ಬಡಾಯಿ ಕೊಚ್ಚದೆ ಕೆಲಸ ಮುಗಿಸಿದ ಮೊದಲ ಮನುಷ್ಯ ಅವನೇ. ಅಂಥವರು ಮತ್ತೆ ಹೆಚ್ಚು ಸಿಗಲಿಲ್ಲ.

ಅಲ್ಲಿಂದ ನನ್ನನ್ನು ಲಾರಿಯಲ್ಲಿ ಬೋರ್ದೋ ನಗರದಾಚೆಯ ನದೀತೀರಕ್ಕೆ ತಂದರು. ಶಾತೋ ಕೊಂಬ್ರಿಯಾಕ್ ಎಂಬ ದ್ರಾಕ್ಷಿ ತೋಟ ಅದು. ಶಾತೋ ಅಂದರೆ ಅರಮನೆ. ಯಾವ ರಾಜನೂ ಅಲ್ಲಿ ಒಂದು ದಿನ ಮಲಗಿದ್ದಿಲ್ಲ. ಇನ್ನೂರು ವರ್ಷದ ಕೆಳಗೆ ದೇಶದಲ್ಲಿ ಕ್ರಾಂತಿಯಾಗಿ ದೊಡ್ಡ ಮನೆಯವರೆಲ್ಲ ತಲೆ ಕಳೆದುಕೊಂಡಾಗ, ಒಬ್ಬ ಜಾಣ ವಕೀಲ ಅವರ ಜಮೀನನ್ನು ಹರಾಜಿನಲ್ಲಿ ಹಿಡಿದ. ಅವನ ಮಗ ಎರಡು ಗೋಪುರ ಕಟ್ಟಿಸಿದ. ಮೊಮ್ಮಗ ಹೆಸರಿನ ಮುಂದೆ 'ದ' ಅಂತ ಸೇರಿಸಿಕೊಂಡು ಕುಲೀನನಾದ. ನಾನು ಬರುವ ಹೊತ್ತಿಗೆ ಆ ವಂಶದ ಕುಡಿ ಎಮರಿಕ್ ದ ಕೊಂಬ್ರಿಯಾಕ್ ಒಡೆಯನಾಗಿದ್ದ. ಎಲ್ಲರೂ ಅವನನ್ನು 'ಮೊಸ್ಯೂ', ಅಂದರೆ ಯಜಮಾನರು, ಎನ್ನುತ್ತಿದ್ದರು. ಸದಾ ಹೊಳೆಯುವ ಬೂಟು. ತೋಟದ ಒಡೆಯನ ಬೂಟಿಗೆ ಮಣ್ಣು ಹತ್ತುವುದಿಲ್ಲ ಅಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು.

ಮೊಸ್ಯೂಗೆ ಬಹಳ ಇಷ್ಟದ ಪದ ಒಂದಿತ್ತು: ತೆರ್ವಾರ್. ಮಣ್ಣು, ಅದರ ಕೆಳಗಿನ ಕಲ್ಲು, ನೀರು, ಇಳಿಜಾರು, ಗಾಳಿ, ಬಿಸಿಲು ಇವೆಲ್ಲ ಸೇರಿ ಒಂದು ತುಂಡು ನೆಲಕ್ಕೆ ಬರುವ ಗುಣ, ಬೇರೆಲ್ಲೂ ಸಿಗದ ಗುಣ. ಅದೇ ವೈನಿನ ರುಚಿಯಾಗುತ್ತದೆ ಎಂಬುದು ಆ ಪದದ ಅರ್ಥ. ಅತಿಥಿಗಳು ಬಂದಾಗಲೆಲ್ಲ ಆತ ಮನೆಯ ಹಿಂದಿನ ಜಲ್ಲಿಕಲ್ಲಿನ ದಿಬ್ಬದ ಕಡೆ ಕೈ ಚಾಚಿ, "ನಾವು ಏನೂ ಮಾಡುವುದಿಲ್ಲ, ಎಲ್ಲ ಆ ದಿಬ್ಬದ್ದು" ಎನ್ನುತ್ತಿದ್ದ. ಆತ ಏನೂ ಮಾಡುವುದಿಲ್ಲ ಎಂಬುದು ಮಾತ್ರ ನೂರಕ್ಕೆ ನೂರು ನಿಜ. ಒಂದು ಕಾಲದಲ್ಲಿ ಹುಳ ಬಿದ್ದು ದೇಶದ ದ್ರಾಕ್ಷಿಯ ಬೇರೆಲ್ಲ ಸತ್ತಾಗ ಅಮೆರಿಕದ ಬೇರು ತರಿಸಿ ಅದರ ಮೇಲೆ ಫ್ರೆಂಚ್ ಕಡ್ಡಿ ಕಸಿ ಮಾಡಿದ್ದರು. ಅವನ ಶುದ್ಧ ಫ್ರೆಂಚ್ ಬಳ್ಳಿಗಳೆಲ್ಲ ಇವತ್ತಿಗೂ ಅಮೆರಿಕದ ಕಾಲ ಮೇಲೆ ನಿಂತಿವೆ. ಅದನ್ನು ಅತಿಥಿಗಳಿಗೆ ಹೇಳಿದ್ದು ನಾನಂತೂ ಕೇಳಲಿಲ್ಲ.

ತೆರ್ವಾರ್ ಅನ್ನುವುದು ದೊಡ್ಡವರು ಬಾಯಿ ಚಪ್ಪರಿಸಲು ಕಟ್ಟಿಕೊಂಡ ಬೊಗಳೆ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಆದರೆ ದಿಬ್ಬದ ವೈನ್ ತುಂಬಲು ನನ್ನನ್ನೇ ತರಿಸಿದ್ದಾರೆ ಎಂದು ತಿಳಿದಾಗ ಒಳಗೊಳಗೇ ಹಿಗ್ಗಿದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ನನ್ನ ಮುಖದ ಹಲಗೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ದಿಬ್ಬದ ಗುರುತನ್ನೂ ನಲವತ್ತೊಂದು ಎಂಬ ಸಂಖ್ಯೆಯನ್ನೂ ಸುಟ್ಟಿದ್ದರು. ಹೊಸ ಪೀಪಾಯಿ ಸಿಗುವುದು ದಿಬ್ಬಕ್ಕೆ ಮಾತ್ರ. ತೋಟದ ಉಳಿದ ವೈನ್ ಹಳೇ ಪೀಪಾಯಿಯಲ್ಲಿ ಬಿದ್ದಿದ್ದು ಎರಡನೇ ದರ್ಜೆಯ ಬಾಟಲಿಗೆ ಹೋಗುತ್ತಿತ್ತು.

ಆ ಉಳಿದದ್ದರಲ್ಲೂ ತೀರಾ ಕಡೆ ಅನ್ನಿಸಿಕೊಂಡದ್ದು ಕಪ್ಪೆ ತಗ್ಗು. ದಿಬ್ಬದ ಬುಡದಲ್ಲಿ, ರಸ್ತೆಯ ಪಕ್ಕ, ನೀಲಿ ಜೇಡಿಮಣ್ಣಿನ ಎರಡೆಕರೆ. ಮಳೆ ಬಂದರೆ ಬೂಟು ಕಚ್ಚಿಕೊಳ್ಳುವಂಥ ನೆಲ. ಚಳಿ ಕಳೆಯುತ್ತಲೇ ಅಲ್ಲಿಂದ ಕಪ್ಪೆಗಳ ಗಲಾಟೆ. ಅಲ್ಲಿಯ ಬಳ್ಳಿಗಳನ್ನು ನೆಟ್ಟವನು ಆನ್ಸೆಲ್ಮ್ ಎಂಬ ಕೂಲಿಯಾಳು. ನೋಡಿಕೊಳ್ಳುತ್ತಿದ್ದವಳು ಅವನ ಮೊಮ್ಮಗಳು ಸೊಲಾಂಜ್.

ಸೊಲಾಂಜ್‌ಗೆ ಆಗ ನಲವತ್ತು ದಾಟಿತ್ತು. ಅಗಲ ಭುಜ, ದ್ರಾಕ್ಷಿ ಕಲೆ ಹತ್ತಿದ ಉಗುರು, ಹೋದಲ್ಲೆಲ್ಲ ಮಣ್ಣಿನ ಹೆಜ್ಜೆ. ವರ್ಷವಿಡೀ ಬಳ್ಳಿಯ ಕೆಲಸ, ಮಧ್ಯೆ ಮಧ್ಯೆ ನೆಲಮಾಳಿಗೆಯಲ್ಲಿ ನಮ್ಮ ಕೆಲಸ. ಮೊದಲ ದಿನ ಅವಳು ನನ್ನ ಹೊಟ್ಟೆಗೆ ನೀರು ಹೊಯ್ದು, ಬಾಯಿಗೆ ಮೂಗಿಟ್ಟು ಮೂಸಿ, "ಪರವಾಗಿಲ್ಲ" ಅಂದಳು. ಇನ್ನೂರು ವರ್ಷದ ಓಕಿಗೆ ಪರವಾಗಿಲ್ಲವಂತೆ! ನನಗೆ ಮೈ ಉರಿದುಹೋಯಿತು.

ಆ ಶರತ್ಕಾಲದಲ್ಲಿ ಹೊಸ ಪೀಪಾಯಿಗಳನ್ನೆಲ್ಲ ನೀರು ತುಂಬಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಹಾಗಾಗಿ ಕೊಯ್ಲಿನ ಕಥೆ ನನ್ನ ಕಣ್ಣೆದುರೇ ನಡೆಯಿತು. ಬೇಸಿಗೆ ಕೆಟ್ಟದಾಗಿ ಒಣಗಿತ್ತು. ಜಲ್ಲಿಯ ದಿಬ್ಬದಲ್ಲಿ ನೀರು ನಿಲ್ಲದೆ ಬಳ್ಳಿಗಳು ಬಳಲಿದ್ದವು. ತಗ್ಗಿನ ಜೇಡಿಮಣ್ಣು ಮಾತ್ರ ತನ್ನ ತೇವವನ್ನು ಬಿಟ್ಟುಕೊಟ್ಟಿರಲಿಲ್ಲ. ನೆಲಮಾಳಿಗೆಯ ಮೇಸ್ತ್ರಿ ಫುಲ್ಕ್ರಾಂ, ಬಿಳಿ ಮೀಸೆಯ ಮುದುಕ, ದಿಬ್ಬದ ಹಣ್ಣು ಅಗಿದು ಬೀಜ ಕಡಿದು ನೋಡಿ ಬಂದು ಮೊಸ್ಯೂಗೆ ಹೇಳಿದ: "ಆಗಿದೆ ಮೊಸ್ಯೂ. ನಾಳೆನೇ ಕೊಯ್ದುಬಿಡೋಣ. ನದಿ ಕಡೆಯಿಂದ ಮೋಡ ಬರ್ತಿದೆ."

ಮೊಸ್ಯೂ ಒಪ್ಪಲಿಲ್ಲ. ದಿಬ್ಬದ ಮೊದಲ ಗೊಂಚಲನ್ನು ಅತಿಥಿಗಳ ಕೈಯಲ್ಲಿ ಕೊಯ್ಯಿಸುವುದು ಆ ಮನೆಯ ಪದ್ಧತಿ. ಆ ವರ್ಷದ ಅತಿಥಿಗಳು ರಾಜಧಾನಿಯ ಒಂದು ಪತ್ರಿಕೆಯವರು, ಫೋಟೋ ತೆಗೆಯುವವನ ಸಮೇತ. ಅವರು ಬರುವುದು ಶನಿವಾರ. "ಶನಿವಾರದ ತನಕ ದಿಬ್ಬಕ್ಕೆ ಕತ್ತರಿ ಹಾಕುವ ಹಾಗಿಲ್ಲ" ಎಂದ. ಹಣ್ಣಿಗೂ ಮಳೆಗೂ ಆಮಂತ್ರಣ ಪತ್ರಿಕೆ ಕಳಿಸಿದಂತೆ ಮಾತಾಡಿದ.

ಕಪ್ಪೆ ತಗ್ಗಿಗೆ ಯಾರ ಪದ್ಧತಿಯೂ ಇರಲಿಲ್ಲ. ಫುಲ್ಕ್ರಾಂ ಸೊಲಾಂಜ್ ಕಡೆ ನೋಡಿ ಹುಬ್ಬು ಹಾರಿಸಿದ, ಅಷ್ಟೇ. ಬುಧವಾರ, ಗುರುವಾರ ಎರಡು ದಿನದಲ್ಲಿ ಅವಳು ಹನ್ನೆರಡು ಆಳುಗಳ ಜೊತೆ ತಗ್ಗನ್ನು ಪೂರ್ತಿ ಕೊಯ್ದು ಮುಗಿಸಿದಳು. ಶುಕ್ರವಾರ ಬೆಳಿಗ್ಗೆ ಮಳೆ ಹಿಡಿಯಿತು. ಭಾನುವಾರದ ತನಕ ಬಿಡಲಿಲ್ಲ. ಪತ್ರಿಕೆಯವರು ಕೊಡೆ ಹಿಡಿದುಕೊಂಡು ಒಂದು ಗೊಂಚಲು ಕೊಯ್ದು, ಫೋಟೋ ತೆಗೆಸಿಕೊಂಡು, ಒಳಗೆ ಹೋಗಿ ಬಾತುಕೋಳಿ ತಿಂದರು. ದಿಬ್ಬದ ಹಣ್ಣು ನೀರು ಕುಡಿದು ಊದಿ ಒಡೆಯಿತು, ಅರ್ಧಕ್ಕರ್ಧ ಬೂಷ್ಟು. ಆರಿಸಿ ಆರಿಸಿ ಎಸೆದು ಉಳಿದದ್ದನ್ನು ತೊಟ್ಟಿಗೆ ಹಾಕುವಾಗ ಫುಲ್ಕ್ರಾಂ ಯಾರ ಮುಖವನ್ನೂ ನೋಡಲಿಲ್ಲ.

ಕೊಯ್ಲು ಮುಗಿದ ದಿನ ಆಳುಗಳಿಗೆಲ್ಲ ಊಟ ಹಾಕುವುದು ಅಲ್ಲಿನ ವಾಡಿಕೆ. ಊಟ ನಡೆದದ್ದು ನಾವಿದ್ದ ಅಂಗಳದಲ್ಲೇ. ಮೊಸ್ಯೂ ಲೋಟ ಹಿಡಿದು ಎದ್ದು ನಿಂತು ಸಂತೋಷದ ಸುದ್ದಿ ಎಂದು ಹೇಳಿದ. ಇನ್ನು ಮೇಲೆ ಪ್ರವಾಸಿಗಳು ಬಸ್ಸಿನಲ್ಲಿ ಬರುತ್ತಾರಂತೆ. ಅವರಿಗೆ ವೈನ್ ರುಚಿ ನೋಡುವ ಗಾಜಿನ ಹಾಲ್ ಕಟ್ಟಿಸುತ್ತಾನಂತೆ. ಬಸ್ಸು ನಿಲ್ಲಲು ರಸ್ತೆ ಪಕ್ಕ ಜಾಗ ಬೇಕು. ಮಾರ್ಚಿಯಲ್ಲಿ ಕಪ್ಪೆ ತಗ್ಗಿನ ಬಳ್ಳಿ ಕಿತ್ತು ನೆಲ ಮಟ್ಟ ಮಾಡಿಸುತ್ತಾನಂತೆ.

ಸೊಲಾಂಜ್ ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟು ಎದ್ದಳು. "ಮೊಸ್ಯೂ, ಅದು ಒಳ್ಳೇ ಜಾಗ. ನಮ್ಮ ತಾತ ಆ ಮಣ್ಣು ನೋಡೇ ನೆಟ್ಟಿದ್ದು. ಅದರ ವೈನನ್ನ ಒಂದು ಸಲನಾದ್ರೂ ಬೇರೆಯಾಗಿ ಇಟ್ಟು ನೋಡಿ, ಆಮೇಲೆ ಕೀಳ್ಸಿ."

ಮೊಸ್ಯೂ ನಕ್ಕ. ಕೂತವರಲ್ಲಿ ಕೆಲವರು ಅವನು ನಕ್ಕನೆಂದು ನಕ್ಕರು. "ಆಗಲಿ ಸೊಲಾಂಜ್. ನಿನ್ನ ಕಪ್ಪೆ ಗುಂಡಿಯ ವೈನ್ ನನ್ನ ಮೊದಲ ದರ್ಜೆಯ ಬಾಟಲಿಗೆ ಸೇರುವಂತಾದರೆ ಒಂದು ಬಳ್ಳಿಯನ್ನೂ ಮುಟ್ಟುವುದಿಲ್ಲ. ಇವರೆಲ್ಲ ಸಾಕ್ಷಿ."

ನಲವತ್ತು ಜನರ ಎದುರು ಆಡಿದ ಮಾತು ಅದು. ನಾನೂ ಒಳಗೇ ನಕ್ಕೆ. ನನ್ನಂಥ ಪೀಪಾಯಿಯ ಹತ್ತಿರಕ್ಕೂ ಆ ಕೆಸರು ಗುಂಡಿಯ ರಸ ಬರಲಾರದು ಎಂದು.

ನವೆಂಬರಿನಲ್ಲಿ ತೊಟ್ಟಿಯ ಹುದುಗು ಇಳಿದು, ವೈನನ್ನು ನಮಗೆ ತುಂಬುವ ಹೊತ್ತು ಬಂತು. ದಿಬ್ಬದ ವೈನ್ ಮೂವತ್ತಾರನೇ ಪೀಪಾಯಿಗೇ ಮುಗಿದುಹೋಯಿತು. ನಾವು ನಾಲ್ಕೈದು ಮಂದಿ ಬಾಯಿ ತೆರೆದುಕೊಂಡು ಕೂತೆವು. ಹೊಸ ಪೀಪಾಯಿ ಖಾಲಿ ಬಿದ್ದರೆ ಹಲಗೆ ಒಣಗಿ ಸಂದು ಬಿಡುತ್ತದೆ, ಕೊನೆಗೆ ಸೌದೆಗೇ. ಫುಲ್ಕ್ರಾಂ ತಲೆ ಕೆರೆದುಕೊಂಡು, "ಯಾವುದಾದ್ರೂ ತುಂಬ್ಸು ಮಗಳೇ, ಒಣಗೋದು ಬೇಡ" ಎಂದ. ಸೊಲಾಂಜ್ ಮೆದುಕೊಳವೆ ಎಳೆದು ತಂದು ನನ್ನ ಬಾಯಿಗೆ ಕಪ್ಪೆ ತಗ್ಗಿನ ವೈನ್ ಬಿಟ್ಟಳು. ಆಮೇಲೆ ಸೀಮೆಸುಣ್ಣದಿಂದ ನನ್ನ ಮುಖದ ಮೇಲೆ, ಸುಟ್ಟ ಮುದ್ರೆಯ ಪಕ್ಕದಲ್ಲೇ, ಒಂದು ಕಪ್ಪೆಯ ಚಿತ್ರ ಬರೆದಳು.

ಆ ಅವಮಾನವನ್ನು ಹೇಗೆ ಹೇಳಲಿ. ಉಳಿದ ಖಾಲಿ ಪೀಪಾಯಿಗಳು ತೋಟದ ಬೇರೆ ವೈನ್ ತುಂಬಿಕೊಂಡು ಆಚೆ ಕೋಣೆಗೆ ಹೋದವು, ನನ್ನನ್ನು ಮಾತ್ರ ದಿಬ್ಬದವರ ಸಾಲಿನ ಸಂದಿಗೆ ಉರುಳಿಸಿದರು. ಎಡಕ್ಕೆ, ಬಲಕ್ಕೆ ಕುಲೀನರು, ನಡುವೆ ನಾನು ಕಪ್ಪೆ ಹೊತ್ತುಕೊಂಡು. ಮೊದಲ ವಾರಗಳಲ್ಲಿ ಆ ವೈನ್ ನನ್ನೊಳಗೆ ಒರಟೊರಟಾಗಿ ಮಗುಚಿಕೊಳ್ಳುತ್ತಿತ್ತು. ನಾನು ಹಲಗೆ ಬಿಗಿ ಹಿಡಿದು ಅದಕ್ಕೆ ನನ್ನ ಪರಿಮಳ ಕೊಡಬಾರದೆಂದೇ ಹಟ ಹಿಡಿದೆ. ಓಕಿನ ಹಟ ವೈನಿನ ಮುಂದೆ ನಡೆಯುವುದಿಲ್ಲ. ಅದು ತಾನಾಗಿ ನನ್ನ ಎಳೆಗಳೊಳಗೆ ಬಂತು, ತನಗೆ ಬೇಕಾದ್ದು ತೆಗೆದುಕೊಂಡಿತು, ಹೊರಗಿನ ಗಾಳಿಯನ್ನು ನನ್ನ ಮೂಲಕ ಚೂರು ಚೂರೇ ಉಸಿರಾಡಿತು. ಪ್ರತಿ ವಾರ ಸ್ವಲ್ಪ ಆವಿಯಾಗಿ ಕಡಿಮೆಯಾಗುತ್ತಿತ್ತು. ಸೊಲಾಂಜ್ ಹಳೇ ಪೀಪಾಯಿಗಳಲ್ಲಿದ್ದ ಅದೇ ತಗ್ಗಿನ ವೈನನ್ನು ಚಿಕ್ಕ ಹೂಜಿಯಲ್ಲಿ ತಂದು ಕಂಠದ ತನಕ ತುಂಬಿ ಹೋಗುತ್ತಿದ್ದಳು. ಒಂದು ಹನಿಯೂ ಬೇರೆಯದು ಬೆರೆಸಲಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ನನಗೆ ಅನುಮಾನ ಶುರುವಾಯಿತು. ಅಕ್ಕಪಕ್ಕದ ದಿಬ್ಬದ ವೈನ್ ತೆಳ್ಳಗೆ, ನೀರುನೀರಾಗಿ ನಿಂತಿತ್ತು. ನನ್ನ ನೆರೆಯವರ ಬಿರಡೆ ತೆಗೆದಾಗ ಬರುತ್ತಿದ್ದ ವಾಸನೆಯಲ್ಲಿ ನನ್ನ ಜಾತಿಯ ಓಕ್ ಮರವೇ ಎದ್ದು ಕಾಣುತ್ತಿತ್ತು, ದ್ರಾಕ್ಷಿ ಇರಲಿಲ್ಲ. ನನ್ನ ಹೊಟ್ಟೆಯಲ್ಲಿದ್ದುದು ಮಾತ್ರ ಕಪ್ಪಾಗಿ, ಗಟ್ಟಿಯಾಗಿ, ತಣ್ಣಗೆ ಕೂತಿತ್ತು. ಮಳೆ ಬಿದ್ದ ನೆಲದ ವಾಸನೆ, ನೇರಳೆ ಹೂವಿನ ವಾಸನೆ, ಅದರಡಿಯಲ್ಲಿ ಕಲ್ಲನ್ನು ಕಲ್ಲಿಗೆ ಉಜ್ಜಿದಾಗ ಬರುವಂಥದ್ದೇನೋ ಒಂದು. ನನಗೆ ಇಷ್ಟವಾಯಿತು. ಯಾರಿಗೂ ಹೇಳಲಿಲ್ಲ.

ಜನವರಿಯಲ್ಲಿ ಮತ್ತೆ ಅತಿಥಿಗಳು ಬರುವವರಿದ್ದರು. ನೆಲಮಾಳಿಗೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂದು ಮೊಸ್ಯೂ ಹಟ ಹಿಡಿದ. ಪೀಪಾಯಿಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಉಜ್ಜಿಸಿ, ವೈನ್ ಚೆಲ್ಲಿದ ಕಲೆ ಕಾಣದಂತೆ ಎಲ್ಲರ ನಡುವಿಗೂ ಕೆಂಪು ಪಟ್ಟಿ ಬಳಿಸಿದ. ನನ್ನ ಮುಂದೆ ತಾನೇ ನಿಂತು, "ಇದೇನು ಮಕ್ಕಳಾಟ, ಒರೆಸಿ" ಎಂದ. ಕಪ್ಪೆ ಅಳಿಸಿಹೋಯಿತು. ಉಳಿದದ್ದು ದಿಬ್ಬದ ಮುದ್ರೆ, ನಲವತ್ತೊಂದು. ಈ ಪೀಪಾಯಿಯಲ್ಲಿ ಏನಿದೆ ಎಂದು ಒಂದು ಮಾತು ಕೇಳಿದ್ದರೆ ಮುಂದಿನದ್ದೇನೂ ಆಗುತ್ತಿರಲಿಲ್ಲ. ಆತನಿಗೆ ಪೀಪಾಯಿಯ ಹೊರಮೈ ಬೇಕಿತ್ತು, ಸಿಕ್ಕಿತು.

ಫೆಬ್ರವರಿಯಲ್ಲಿ ಮಿಶ್ರಣದ ದಿನ. ಪ್ರತಿ ಪೀಪಾಯಿಯಿಂದ ಗಾಜಿನ ನಳಿಕೆಯಲ್ಲಿ ಒಂದಿಷ್ಟು ತೆಗೆದು, ರುಚಿ ನೋಡಿ, ಯಾವುದು ಮೊದಲ ದರ್ಜೆಯ ಬಾಟಲಿಗೆ, ಯಾವುದು ಎರಡನೆಯದಕ್ಕೆ ಎಂದು ತೀರ್ಮಾನಿಸುವ ದಿನ ಅದು. ಇದಕ್ಕೆಂದೇ ನಗರದಿಂದ ಪೆರೊನೆ ಎಂಬ ಪರಿಣತ ಬರುತ್ತಿದ್ದ. ಉದ್ದ ಮೂಗು, ರೇಷ್ಮೆ ಕೊರಳವಸ್ತ್ರ. ಬಾಯಿಗೆ ಹಾಕಿಕೊಂಡದ್ದನ್ನು ಮೂರು ಗಜ ದೂರದ ಬಕೆಟ್ಟಿಗೆ ಗುರಿ ತಪ್ಪದೆ ಉಗುಳುತ್ತಿದ್ದ. ಅವನಿಗೆ ನಿಜಕ್ಕೂ ಬರುತ್ತಿದ್ದ ವಿದ್ಯೆ ಅದೊಂದೇ ಎಂದು ನನ್ನ ನಂಬಿಕೆ.

ಮೇಜನ್ನು ನಮ್ಮ ನಡುವೆಯೇ ಹಾಕಿದ್ದರು. ಸೊಲಾಂಜ್ ಲೋಟಗಳನ್ನು ತಂದಿಡುತ್ತಿದ್ದಳು, ಫುಲ್ಕ್ರಾಂ ಸಂಖ್ಯೆ ಕೂಗುತ್ತಿದ್ದ. ಒಂದಾದ ಮೇಲೊಂದು ಲೋಟ ಮೂಸಿದ ಪೆರೊನೆಯ ಮುಖ ಇಳಿಯುತ್ತ ಬಂತು. ಮೊಸ್ಯೂನ ಮುಖ ಅದಕ್ಕಿಂತ ಇಳಿಯಿತು. ದಿಬ್ಬದಲ್ಲಿ ವೈನೇ ಇರಲಿಲ್ಲ, ಬಣ್ಣದ ನೀರಿತ್ತು. ಆಗ ನಲವತ್ತೊಂದು ಬಂತು.

ಪೆರೊನೆ ಮೂಸಿದ. ಮತ್ತೆ ಮೂಸಿದ. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಈ ಸಲ ಉಗುಳಲಿಲ್ಲ, ನುಂಗಿದ. "ಎಮರಿಕ್, ಇದು! ಇದು ಜಲ್ಲಿ. ಇದು ದಿಬ್ಬ ಮಾತಾಡುತ್ತಿರುವುದು. ಕಣ್ಣು ಕಟ್ಟಿ ಕೊಟ್ಟರೂ ಹೇಳುತ್ತೇನೆ, ಈ ಬೆನ್ನೆಲುಬು ಜಲ್ಲಿಯಲ್ಲದೆ ಬೇರೆಲ್ಲೂ ಹುಟ್ಟುವುದಿಲ್ಲ." ಮೊಸ್ಯೂ ಕುರ್ಚಿಯಿಂದ ಅರ್ಧ ಎದ್ದಿದ್ದ. "ತೆರ್ವಾರ್," ಅಂದ, ಎದೆಯ ಮೇಲೆ ಕೈಯಿಟ್ಟು.

ಸೊಲಾಂಜ್ ಲೋಟದ ತಟ್ಟೆ ಹಿಡಿದು ನನಗೆ ಒರಗಿ ನಿಂತಿದ್ದಳು. ಫುಲ್ಕ್ರಾಂ ಹತ್ತಿರ ಬಂದು ಪಿಸುಗುಟ್ಟಿದ: "ಸುಮ್ನಿರು ಮಗಳೇ. ಹೇಳಿದ್ರೆ ಎರಡನೇದಕ್ಕೆ ಸುರೀತಾರೆ. ಸುಮ್ನಿದ್ರೆ ನಿಮ್ಮ ತಾತನ ವೈನು ಮೊದಲ್ನೇ ಬಾಟ್ಲಿಗಾದ್ರೂ ಹೋಗುತ್ತೆ."

"ವೈನ್ ಹೋಗುತ್ತೆ, ಬಳ್ಳಿ?" ಅಂದಳು ಅವಳು. ತಟ್ಟೆ ಕೆಳಗಿಟ್ಟಳು. "ಮೊಸ್ಯೂ, ನಲವತ್ತೊಂದರಲ್ಲಿರೋದು ದಿಬ್ಬದ್ದಲ್ಲ. ಕಪ್ಪೆ ತಗ್ಗಿಂದು. ನಾನೇ ತುಂಬಿದ್ದು. ಗುರುತೂ ಹಾಕಿದ್ದೆ, ನೀವೇ ಒರೆಸಿದ್ರಿ. ಕೊಯ್ಲಿನ ಊಟದ ದಿನ ಎಲ್ಲರ ಎದುರಿಗೆ ಮಾತು ಕೊಟ್ಟಿದ್ರಿ."

ಮೊಸ್ಯೂ ಫುಲ್ಕ್ರಾಂ ಕಡೆ ನೋಡಿದ. ಮುದುಕ ಹೌದೆಂದು ತಲೆಯಾಡಿಸಿದ. ಆಗ ಪೆರೊನೆ ಲೋಟವನ್ನು ಮತ್ತೆ ಎತ್ತಿಕೊಂಡ. ಬೆಳಕಿಗೆ ಹಿಡಿದ, ಮೂಸಿದ, ಬಾಯಿಗೆ ಹಾಕಿಕೊಂಡು ಈ ಸಲ ಬಕೆಟ್ಟಿಗೆ ಉಗುಳಿದ. "ಹೌದು," ಎಂದ ನಿಧಾನವಾಗಿ, "ಈಗ ಗಮನಕ್ಕೆ ಬಂತು. ಕೊನೆಯಲ್ಲಿ ಏನೋ ಒಂದು ಹಳ್ಳಿಗಾಡಿನ ಒಗರು. ಸ್ವಲ್ಪ ಕೆಸರು."

ಎರಡು ನಿಮಿಷ. ಜಲ್ಲಿ ಕೆಸರಾಗಲು ಅಷ್ಟೇ ಹೊತ್ತು ಸಾಕಾಯಿತು. ಲೋಟ ಅದೇ, ವೈನ್ ಅದೇ, ಮೂಗೂ ಅದೇ. ಅವತ್ತಿನಿಂದ ಪರಿಣತ ಎಂಬ ಪದ ಕಿವಿಗೆ ಬಿದ್ದರೆ ನನಗೆ ವಾಕರಿಕೆ ಬರುತ್ತದೆ.

ಆದರೆ ಮೊಸ್ಯೂ ಮೂರ್ಖನಾದರೂ ಲೆಕ್ಕ ತಪ್ಪುವವನಲ್ಲ. ಇದಿಲ್ಲದೆ ಆ ವರ್ಷದ ಮೊದಲ ದರ್ಜೆಯ ಬಾಟಲಿ ನೀರಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತಗ್ಗಿನ ವೈನ್ ಎಷ್ಟಿದೆಯೋ ಅಷ್ಟನ್ನೂ ದಿಬ್ಬದ್ದಕ್ಕೆ ಬೆರೆಸುವಂತೆ ಹೇಳಿದ. ಸೊಲಾಂಜ್ ಮುಖ ಒಂದು ಗಳಿಗೆ ಅರಳಿತು. ಅವಳು ಕೇಳಿದಳು: "ಹಾಗಾದ್ರೆ ಬಳ್ಳಿ ಕೀಳ್ಸಲ್ಲ ಅಲ್ವಾ ಮೊಸ್ಯೂ?"

"ಅದು ಊಟದ ಹೊತ್ತಿನ ತಮಾಷೆ ಸೊಲಾಂಜ್. ಗಾಜಿನ ಹಾಲಿನ ಕರಾರಿಗೆ ಸಹಿಯಾಗಿದೆ," ಎಂದು ಮೊಸ್ಯೂ ಕೋಟಿನ ಗುಂಡಿ ಹಾಕಿಕೊಂಡ. "ಒಂದು ವರ್ಷದ ಅದೃಷ್ಟಕ್ಕೆ ತೆರ್ವಾರ್ ಅನ್ನುವುದಿಲ್ಲ. ತೆರ್ವಾರ್ ಇರುವುದು ದಿಬ್ಬದಲ್ಲಿ. ನಮ್ಮ ಮುತ್ತಜ್ಜನ ಕಾಲದಿಂದಲೂ."

ವೈನ್ ಇಟ್ಟುಕೊಂಡ, ಬಳ್ಳಿ ಕೀಳಿಸಿದ. ಮಾರ್ಚಿಯ ಎರಡನೇ ವಾರ ಯಂತ್ರ ಬಂತು. ನೆಲಮಾಳಿಗೆಯ ಕಿಂಡಿಯಿಂದ ತಗ್ಗು ಕಾಣುತ್ತದೆ. ಐವತ್ತು ವರ್ಷದ ಬುಡಗಳು ಜೇಡಿಮಣ್ಣು ಕಚ್ಚಿಕೊಂಡು ಸುಲಭಕ್ಕೆ ಬರಲಿಲ್ಲ. ಯಂತ್ರದವನು ಬೈಯುತ್ತ ಬೈಯುತ್ತ ಕಿತ್ತ. ಸೊಲಾಂಜ್ ಅಲ್ಲಿಗೆ ಹೋಗಲಿಲ್ಲ. ಅವಳು ಅದಕ್ಕೆ ಮೊದಲೇ ಚಳಿಗಾಲದ ಕಡ್ಡಿಗಳನ್ನು ಕತ್ತರಿಸಿ, ಕಟ್ಟು ಕಟ್ಟಿ, ಒದ್ದೆ ಮರಳಿನಲ್ಲಿ ಹೂತಿಟ್ಟಿದ್ದಳು. ಕಿತ್ತ ಬುಡಗಳನ್ನು ಅಲ್ಲೇ ಸುಟ್ಟರು. ಹೊಗೆ ಒಳಗೆ ಬಂದಾಗ ಫುಲ್ಕ್ರಾಂ ಕಿಂಡಿ ಮುಚ್ಚಿದ. ಜೂನಿಗೆ ಅಲ್ಲಿ ಟಾರು ಬಿತ್ತು. ಸೊಲಾಂಜ್ ಅದೇ ತಿಂಗಳು ಕೆಲಸ ಬಿಟ್ಟು, ಕಡ್ಡಿಯ ಕಟ್ಟುಗಳನ್ನು ಹೊತ್ತುಕೊಂಡು, ಪೂರ್ವದ ಬೆಟ್ಟದ ಸಾಲಿನಲ್ಲಿದ್ದ ತಮ್ಮನ ಜಮೀನಿಗೆ ಹೋದಳು.

ಆ ವರ್ಷದ ಕೊಂಬ್ರಿಯಾಕ್ ವೈನ್ ಬಹಳ ಹೆಸರು ಮಾಡಿತು. ಕೊಡೆ ಹಿಡಿದು ಬಂದಿದ್ದ ಪತ್ರಿಕೆಯವರೇ ಅದನ್ನು ಹೊಗಳಿ ಬರೆದರು: ಕೆಟ್ಟ ವರ್ಷದಲ್ಲೂ ದಿಬ್ಬ ಕೈ ಬಿಡಲಿಲ್ಲ, ಇದೇ ನಿಜವಾದ ತೆರ್ವಾರ್ ಅಂತ. ಬಸ್ಸುಗಳು ಬಂದವು. ಟಾರಿನ ಮೇಲೆ ಇಳಿದ ಜನ ಗಾಜಿನ ಹಾಲಿನಲ್ಲಿ ನಿಂತು, ಲೋಟ ತಿರುಗಿಸಿ, ದಿಬ್ಬದ ಕಡೆ ನೋಡಿ ತಲೆದೂಗಿದರು. ಅವರ ಬಾಯಲ್ಲಿದ್ದ ರುಚಿಯ ನೆಲ ಅವರ ಬಸ್ಸಿನ ಚಕ್ರದ ಕೆಳಗಿತ್ತು. ಮೊಸ್ಯೂ ಅವರಿಗೆಲ್ಲ ಮುತ್ತಜ್ಜನ ಕಥೆ ಹೇಳಿದ. ನಾನು ಆ ಜನರ ಮೇಲೂ ಉಗುಳುತ್ತಿದ್ದೆ, ಪೆರೊನೆಯ ಬಾಯಿ ನನಗಿದ್ದಿದ್ದರೆ.

ನನ್ನ ಪಾಲಿಗೆ ಆಮೇಲೆ ಇಳಿಗಾಲ. ಮರುವರ್ಷ ಎರಡನೇ ದರ್ಜೆ. ಅದರ ಮುಂದಿನ ಎರಡು ವರ್ಷ ಆಳುಗಳ ಊಟಕ್ಕೆ ಕೊಡುವ ವೈನ್. ನನ್ನ ಪರಿಮಳ ತೀರಿತು, ಒಳಮೈ ಕಪ್ಪಾಯಿತು. ನಾಲ್ಕನೇ ವರ್ಷ ಹಿತ್ತಲಿಗೆ ಉರುಳಿಸಿದರು. ಜೊತೆಗಾರರಲ್ಲಿ ಕೆಲವರನ್ನು ಅರ್ಧಕ್ಕೆ ಕೊಯ್ದು ಗಾಜಿನ ಹಾಲಿನ ಬಾಗಿಲಲ್ಲಿ ಹೂವಿನ ಗಿಡ ನೆಟ್ಟರು. ಪ್ರವಾಸಿಗಳು ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ಸರದಿಗೆ ಮೊದಲು, ಕೆಲಸದಿಂದ ಆಗಷ್ಟೇ ನಿವೃತ್ತನಾಗಿದ್ದ ಫುಲ್ಕ್ರಾಂ ತಮ್ಮೂರಿನ ಯಾರದ್ದೋ ವ್ಯಾನು ತಂದು ನನ್ನನ್ನು ಹತ್ತಿಸಿಕೊಂಡ. ಕಾವಲುಗಾರ ಏನಕ್ಕೆ ಎಂದು ಕೇಳಿದಾಗ, "ಮಳೆನೀರು ಹಿಡಿಯೋಕೆ" ಎಂದ. ಆ ಸುಳ್ಳಿಗೆ ಅವನನ್ನು ಕ್ಷಮಿಸಿದ್ದೇನೆ.

ಅವನು ನನ್ನನ್ನು ನೇರ ಸೊಲಾಂಜ್ ಬಳಿಗೆ ತಂದ. ಅವಳಿದ್ದದ್ದು ಬಿಳಿ ಸುಣ್ಣಕಲ್ಲಿನ ಇಳಿಜಾರಿನಲ್ಲಿ. ಗೋಪುರವಿಲ್ಲ, ಹೆಸರಿಲ್ಲ, ಕುರಿ ಕೊಟ್ಟಿಗೆಯ ಪಕ್ಕದ ಒಂದು ಕಲ್ಲಿನ ಕೋಣೆ. ಕಪ್ಪೆ ತಗ್ಗಿನ ಕಡ್ಡಿಗಳನ್ನು ಅವಳು ಬೇರಿಗೆ ಕಸಿ ಮಾಡಿ ಸಾಲಾಗಿ ನೆಟ್ಟಿದ್ದಳು. ಅವು ಹಿಡಿದಿದ್ದವು. ಅವಳ ಕೂದಲು ಬಿಳಿಯಾಗಿತ್ತು. ಅವಳು ನನ್ನನ್ನು ಅಂಗಳಕ್ಕೆ ಉರುಳಿಸಿಕೊಂಡು ಹೋದಳು. ಬಿಸಿನೀರು ಹಾಕಿ ಮೂರು ದಿನ ತೊಳೆದಳು. ಬಳೆಗಳನ್ನು ಒಂದೊಂದೇ ಬಡಿದು ಬಿಗಿ ಮಾಡಿದಳು. ಆ ಶರತ್ಕಾಲ ಅವಳ ಮೊದಲ ಕೊಯ್ಲು. ಬಂದದ್ದು ನನ್ನೊಬ್ಬನಿಗೆ ಸರಿಯಾಗುವಷ್ಟು.

ವೈನ್ ಒಳಗೆ ಬಂದಾಗ ನಾನು ಕಾಯುತ್ತಿದ್ದೆ. ಹೌದು, ಕಾಯುತ್ತಿದ್ದೆ, ಈ ವಯಸ್ಸಿನಲ್ಲಿ ಸುಳ್ಳೇಕೆ. ಅದೇ ಬಳ್ಳಿ, ಅದೇ ಕೈ, ಅದೇ ಪೀಪಾಯಿ. ಮೊದಲ ವಾರದಲ್ಲೇ ನನಗೆ ತಿಳಿಯಿತು. ಚಳಿಗಾಲವಿಡೀ ಸುಮ್ಮನೆ ಹೊತ್ತುಕೊಂಡು ಕೂತೆ.

ಏಪ್ರಿಲಿನ ಒಂದು ಮಧ್ಯಾಹ್ನ ಅವಳು ಫುಲ್ಕ್ರಾಂನನ್ನು ಕರೆಸಿ ಬಿರಡೆ ತೆಗೆದಳು. ತಮ್ಮನ ಹೆಂಡತಿ ಇವೆತ್ ಮೂರು ಲೋಟ ತಂದಳು. ಇವೆತ್ ಆಗಲೇ ಕಾಗದದ ಮೇಲೆ ಕಪ್ಪೆ ತಗ್ಗು ಎಂದು ದುಂಡಗೆ ಬರೆದು ಬಾಟಲಿಗೆ ಅಂಟಿಸಲು ಚೀಟಿ ಮಾಡಿಟ್ಟಿದ್ದಳು. ಫುಲ್ಕ್ರಾಂ ಕುಡಿದ. ಮೀಸೆ ಒರೆಸಿಕೊಂಡು, ಅವಳ ಮುಖ ನೋಡದೆ ಹೇಳಿದ: "ಅದೇ ಕಣಮ್ಮ. ನಿಮ್ಮ ತಾತಂದೇ ವೈನು. ಎಲ್ಲಿದ್ರೂ ಗುರುತು ಹಿಡೀತೀನಿ."

ಸೊಲಾಂಜ್ ಒಂದು ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ನುಂಗಿದಳು. ನಂಬಿಬಿಡುವುದು ಅವಳಿಗೆ ಎಷ್ಟು ಸುಲಭವಿತ್ತು! ಬೇಡವೆನ್ನಲು ಅಲ್ಲಿ ಯಾರಿದ್ದರು? ಮೊಸ್ಯೂ ಆಗಿದ್ದರೆ ನಂಬುತ್ತಿದ್ದ. ಪೆರೊನೆ ಆಗಿದ್ದರೆ ಕಣ್ಣು ಮುಚ್ಚಿ ಆಣೆ ಇಡುತ್ತಿದ್ದ.

"ಸುಳ್ಳು ಹೇಳ್ಬೇಡಿ ಫುಲ್ಕ್ರಾಂ," ಅಂದಳು. "ಇದು ಅದಲ್ಲ."

"ಇನ್ನೂ ಎಳೇ ಬಳ್ಳಿ, ಇನ್ನೆರಡು ವರ್ಷ..."

"ಇನ್ನಿಪ್ಪತ್ತು ವರ್ಷ ಆದ್ರೂ ಇದು ಅದಾಗಲ್ಲ. ಬಳ್ಳಿ ನಮ್ಮ ತಾತಂದೇ. ಮಣ್ಣು ಅದಲ್ಲ." ಇಷ್ಟು ಹೇಳಿ, ನನ್ನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದಳು. ಯಂತ್ರ ಬಂದ ದಿನ ಅಳದವಳು, ನೆಲಮಾಳಿಗೆಯಲ್ಲಿ ಅಳದವಳು, ಅವತ್ತು ಇಬ್ಬರ ಎದುರಿಗೇ ದೊಡ್ಡ ಧ್ವನಿಯಲ್ಲಿ ಅತ್ತಳು. ಇವೆತ್ ತನ್ನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

ನಾನು ಬೊಗಳೆ ಎಂದು ತಳ್ಳಿಹಾಕಿದ್ದ ಆ ಪದ ನಿಜವಾಗಿತ್ತು. ಒಂದು ನೆಲಕ್ಕೆ ಬೇರೆಲ್ಲೂ ಸಿಗದ ಗುಣ ಇರುತ್ತದೆ. ಕಪ್ಪೆ ತಗ್ಗಿಗೆ ಇತ್ತು. ಆ ಪದವನ್ನು ಹಗಲಿಡೀ ಜಪಿಸಿದವರೇ ಅದನ್ನು ಅಗೆದು ಎಸೆದರು. ಅವರಿಗೆ ಏನೂ ನಷ್ಟವಾಗಲಿಲ್ಲ. ಕಳೆದುಕೊಂಡದ್ದು ಏನೆಂದು ಗೊತ್ತಿದ್ದರಲ್ಲವೇ ನಷ್ಟವಾಗುವುದು?

ಈಗ ನಾನು ಆ ಕಲ್ಲಿನ ಕೋಣೆಯ ಮೂಲೆಯಲ್ಲಿದ್ದೇನೆ. ಎರಡು ಹಲಗೆ ಜಿನುಗುತ್ತವೆ. ಬಹಳ ಮಂದಿಯನ್ನು ಕಂಡಿದ್ದೇನೆ, ಹೆಚ್ಚಿನವರನ್ನು ಕಾಲ ಕಸ ಮಾಡಿದ್ದೇನೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇವಳನ್ನೂ ಒಂದು ಕಾಲದಲ್ಲಿ ಹಾಗೇ ಕಂಡೆ, ಅದಕ್ಕೆ ಮಾತ್ರ ಇದೆ. ಅವತ್ತು ಅತ್ತು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು ಲೋಟವನ್ನು ಮತ್ತೆ ಎತ್ತಿಕೊಂಡಳು. ಈ ಸಲ ಅದರಲ್ಲಿ ತಗ್ಗನ್ನು ಹುಡುಕಲಿಲ್ಲ. ಬಿಳಿ ಕಲ್ಲಿನ ಆ ತೆಳ್ಳನೆಯ, ಹುಳಿ ಹುಳಿ ವೈನನ್ನು, ಹೊಸದಾಗಿ ಪರಿಚಯವಾದವರ ಮಾತು ಕೇಳುವ ಹಾಗೆ, ನಿಧಾನವಾಗಿ ಕೊನೆಯ ತನಕ ಕುಡಿದಳು.